ಪ್ಲಾಟಿನ ಪಹಣಿ ನೋಡಿದ್ರಿ, ಮಣ್ಣು ನೋಡಿದ್ರೇನು?

ನಮ್ಮ ಕಡೆ ಪ್ಲಾಟು ಕೊಳ್ಳುವವರು ಕೇಳದ ಪ್ರಶ್ನೆ ಇಲ್ಲ. ಎನ್‌ಎ ಆಗೈತೇನು, ಖಾತೆ ಯಾರ ಹೆಸರಿಗೈತಿ, ಮುಂದಿನ ರಸ್ತೆ ಎಷ್ಟು ಫೂಟು, ಬೋರಿನ ನೀರು ಸಿಹಿಯೋ ಸವುಳೋ, ಬಾಗಿಲು ಯಾವ ದಿಕ್ಕಿಗೆ ಬರ್ತೈತಿ. ಐನೋರನ್ನು ಕರೆದು ತೋರಿಸುತ್ತೇವೆ. ಟೇಪು ಹಿಡಿದು ಅಳೆಯುತ್ತೇವೆ. ಒಂದು ಪ್ರಶ್ನೆ ಮಾತ್ರ ಯಾರ ಬಾಯಿಗೂ ಬರುವುದಿಲ್ಲ: ಈ ಜಾಗದಲ್ಲಿ ಇದಕ್ಕಿಂತ ಮುಂಚೆ ಏನು ನಡೀತಿತ್ತು?

ಬರೀ ಹೊಲವಾಗಿದ್ದರೆ ಚಿಂತೆ ಕಡಿಮೆ. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಊರು ಒಂದೇ ಹೆದ್ದಾರಿಗೆ ಪೋಣಿಸಿದಂತೆ ಬೆಳೆದಿವೆ. 150ಎ ಹೆದ್ದಾರಿಯ ಅಕ್ಕಪಕ್ಕ ಮೊದಲು ಊರ ಹೊರಗೆ ಇದ್ದದ್ದು ಏನು? ಲಾರಿ ಗ್ಯಾರೇಜು, ಗುಜರಿ ಅಂಗಡಿ, ಡೀಸೆಲ್ ಬಂಕು, ಹತ್ತಿ ಜಿನ್ನು, ಎಣ್ಣೆ ಔಷಧಿಯ ಗೋದಾಮು. ಊರು ಬೆಳೆದು ಅವೆಲ್ಲ ಈಗ ಊರ ಒಳಗೆ ಬಂದಿವೆ. ಮಾಲೀಕರು ಶೆಡ್ಡು ಕಿತ್ತರು, ಜೆಸಿಬಿ ಬಂದು ನೆಲ ಸಮ ಮಾಡಿತು, ಸುಣ್ಣದ ಗೆರೆ ಬಿತ್ತು, ನಾಲ್ಕು ಮೂಲೆಗೆ ಕಲ್ಲು ಬಿತ್ತು. ನಿನ್ನೆಯ ಗ್ಯಾರೇಜು ಇವತ್ತು 30-40 ಪ್ಲಾಟು.

ಇದನ್ನು ಬರೆಯಲು ಕಾರಣ ನಮ್ಮ ಅಕ್ಕ.

ಅಕ್ಕ, ಮಾವ ಬೆಂಗಳೂರಿಗೆ ಗುಳೆ ಹೋಗಿ ಒಂಬತ್ತು ವರ್ಷ. ಮಾವ ಸೆಂಟ್ರಿಂಗ್ ಕೆಲಸ, ಅಕ್ಕ ಕಾಂಕ್ರೀಟ್ ಹೊರುವ ಕೆಲಸ. ಕಟ್ಟಡದ ಪಕ್ಕದ ತಗಡಿನ ಶೆಡ್ಡಲ್ಲೇ ಎರಡು ಮಕ್ಕಳನ್ನು ಬೆಳೆಸಿದರು. ಅಕ್ಕ ಒಂದು ಮಾತು ಆಗಾಗ ಹೇಳುತ್ತಾಳೆ: "ಹತ್ತು ಬಿಲ್ಡಿಂಗ್ ಕಟ್ಟೀವಿ ತಮ್ಮ, ಒಂದರಾಗೂ ಒಂದು ರಾತ್ರಿ ಮಲಗಿಲ್ಲ." ಹೋದ ದೀಪಾವಳಿಗೆ ಊರಿಗೆ ಬಂದಾಗ ಸಿಂಧನೂರಿನ ಅಂಚಿನ ಒಂದು ಖಾಲಿ ಜಾಗ ನೋಡಿದರು. ಅಕ್ಕಪಕ್ಕದ ಪ್ಲಾಟುಗಳಿಗಿಂತ ಬೆಲೆ ಕಡಿಮೆ. ಮಾರುವವರು ಗಂಡ ತೀರಿಕೊಂಡ ಒಬ್ಬ ಹೆಣ್ಣುಮಗಳು, ಮಗಳ ಮದುವೆಗೆ ದುಡ್ಡು ಬೇಕಿತ್ತು. ಅಕ್ಕ ಒಂದು ಲಕ್ಷ ಇಸಾರ ಕೊಟ್ಟು ಬಂದಳು. ಕಾಗದ ಪತ್ರ ನೋಡುವ ಕೆಲಸ ನಮ್ಮ ಪಾಲಿಗೆ ಬಂತು. ಪತ್ರಿಕೆಗೆ ಸುದ್ದಿ ಬರೆಯುವವರಿಗೆ ಕಚೇರಿಗಳ ಪರಿಚಯ ಇರುತ್ತದೆ ಎಂದು ಮನೆಯವರ ಲೆಕ್ಕ.

ಕಾಗದವೆಲ್ಲ ಸರಿ ಇತ್ತು. ಜಾಗ ನೋಡಲು ಹೋದಾಗ ಮಾತ್ರ ಒಂದು ವಿಚಿತ್ರ ಕಂಡಿತು. ಪ್ಲಾಟಿನ ತುಂಬ ಜಾಲಿ, ಕರಿಕೆ ಬೆಳೆದಿತ್ತು. ಹಿಂದಿನ ಗೋಡೆ ಪಕ್ಕ ಒಂದು ಉದ್ದನೆಯ ಪಟ್ಟಿಯಲ್ಲಿ ಮಾತ್ರ ಹುಲ್ಲಿನ ಒಂದು ಎಸಳೂ ಇರಲಿಲ್ಲ. ಮಣ್ಣು ಬೂದಿ ಬಣ್ಣ. ಕಾಲಲ್ಲಿ ಕೆದರಿದರೆ ಕರಿ ಪ್ಲಾಸ್ಟಿಕ್ ಚೂರು ಸಿಗುತ್ತಿದ್ದವು.

ಎದುರಿನ ಚಹಾದಂಗಡಿ ಕಟ್ಟೆಯ ಮೇಲೆ ಕೂತಿದ್ದ ಅಜ್ಜನನ್ನು ಕೇಳಿದೆವು.

"ಅದಾ? ಅಲ್ಲಿ ಬ್ಯಾಟ್ರಿ ಒಡಿತಿದ್ರು ತಮ್ಮಾ. ಲಾರಿ ಬ್ಯಾಟ್ರಿ, ಟ್ರ್ಯಾಕ್ಟರ್ ಬ್ಯಾಟ್ರಿ. ಆಸಿಡ್ ಅಲ್ಲೇ ಗ್ವಾಡಿ ಬುಡಕ್ಕ ಚೆಲ್ಲೋರು. ಸೀಸ ಕಾಸಿ ಗಟ್ಟಿ ಮಾಡೋರು. ಹೊಗಿ ಬಂದ್ರ ನಾವು ಅಂಗಡಿ ಬಾಗಿಲ ಹಾಕ್ತಿದ್ವಿ."

ಹಳೆ ಬ್ಯಾಟರಿಯನ್ನು ನೋಂದಾಯಿತ ಕಾರ್ಖಾನೆಗೇ ಕೊಡಬೇಕು ಎಂಬ ನಿಯಮ ನಮ್ಮ ದೇಶದಲ್ಲಿ 2001ರಿಂದ ಇದೆ. 2022ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿ ಹೊಸದಾಗಿ ತಂದರು. ಆದರೂ ಗುಜರಿಯವರು ಹಿತ್ತಲಲ್ಲಿ ಒಡೆಯುವುದು ನಿಂತಿಲ್ಲ. ಯಾಕೆಂದರೆ ಒಳಗಿರುವ ಸೀಸಕ್ಕೆ ಒಳ್ಳೆ ರೇಟು. ಹೊರಗೆ ಚೆಲ್ಲುವುದು ಗಂಧಕಾಮ್ಲ, ಅದರ ಜೊತೆ ಸೀಸದ ಕೆಸರು. ಆಮ್ಲವನ್ನು ಮಳೆ ವರ್ಷಗಳಲ್ಲಿ ಸಪ್ಪೆ ಮಾಡಬಹುದು. ಸೀಸ ಒಂದು ಲೋಹ. ಅದು ಕೊಳೆಯುವುದಿಲ್ಲ, ಆರುವುದಿಲ್ಲ. ಎರೆಮಣ್ಣಿಗೆ ಅಂಟಿಕೊಂಡು ಮೇಲಿನ ಪದರಲ್ಲೇ ಕೂರುತ್ತದೆ. ಬೇಸಿಗೆಯಲ್ಲಿ ಧೂಳಾಗಿ ಏಳುತ್ತದೆ.

ಆ ಧೂಳು ಯಾರ ಹೊಟ್ಟೆಗೆ ಹೋಗುತ್ತದೆ? ನೆಲದಲ್ಲಿ ಆಡಿ ಅದೇ ಕೈ ಬಾಯಿಗಿಡುವ ಮಗುವಿನ ಹೊಟ್ಟೆಗೆ. ದೊಡ್ಡವರಿಗಿಂತ ಮಕ್ಕಳ ಮೈ ಸೀಸವನ್ನು ಹೆಚ್ಚು ಹೀರುತ್ತದೆ. ಅದು ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಮಗು ಓದಿನಲ್ಲಿ ಹಿಂದೆ ಬಿದ್ದರೆ ನಾವು ದಡ್ಡ ಅನ್ನುತ್ತೇವೆ, ಸಿಟ್ಟು ಮಾಡಿದರೆ ಹಟಮಾರಿ ಅನ್ನುತ್ತೇವೆ. ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎಂಬ ಮಟ್ಟವೇ ಇಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಗತ್ತಿನ ಮೂರು ಮಕ್ಕಳಲ್ಲಿ ಒಂದು ಮಗುವಿನ, ಅಂದರೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದೆ ಎಂದು 2020ರಲ್ಲಿ ಯುನಿಸೆಫ್ ವರದಿ ಹೇಳಿತು. ಅದಕ್ಕೆ ಕೊಟ್ಟ ದೊಡ್ಡ ಕಾರಣಗಳಲ್ಲಿ ಹಿತ್ತಲಲ್ಲಿ ಬ್ಯಾಟರಿ ಒಡೆಯುವುದೂ ಒಂದು.

ಮಾವನಿಗೆ ಫೋನು ಮಾಡಿ ಹೇಳಿದೆವು. "ಮಣ್ಣು ಪರೀಕ್ಷೆ ಮಾಡಿಸಿದ್ರಾತು ಬಿಡು" ಅಂದರು. ಮಾತು ಸರಿ. ಆದರೆ ಯಾವ ಮಣ್ಣು ಪರೀಕ್ಷೆ?

ನಮಗೆಲ್ಲ ಗೊತ್ತಿರುವ ಮಣ್ಣು ಪರೀಕ್ಷೆ ಎರಡು. ಒಂದು, ಹೊಲದ ಮಣ್ಣಿನದು. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ಇರುತ್ತವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಬೆಳೆಗೆ ಏನು ಕಡಿಮೆ ಇದೆ ಎಂದು ಅದು ಹೇಳುತ್ತದೆ. ಎರಡು, ಎಂಜಿನಿಯರು ಮಾಡಿಸುವುದು. ನೆಲ ಎಷ್ಟು ಭಾರ ತಡೆಯುತ್ತದೆ, ಎರೆಭೂಮಿಯಲ್ಲಿ ಪಾಯ ಎಷ್ಟು ಆಳ ಹೋಗಬೇಕು ಎಂದು ಅದು ಹೇಳುತ್ತದೆ. ಮಣ್ಣಿನಲ್ಲಿ ಮನುಷ್ಯರಿಗೆ ವಿಷ ಇದೆಯೇ ಎಂದು ಎರಡೂ ಹೇಳುವುದಿಲ್ಲ. ಅದಕ್ಕೆ ಬೇಕಿರುವುದು ಮೂರನೇ ಪರೀಕ್ಷೆ. ಪೇಟೆಗಳಲ್ಲಿ ಅದಕ್ಕೆ ಜಾಗದ ಪರಿಸರ ತಪಾಸಣೆ ಅನ್ನುತ್ತಾರೆ.

ಈ ತಪಾಸಣೆ ಯಾಕೆ ಹುಟ್ಟಿತು ಎನ್ನುವುದಕ್ಕೆ ಅಮೆರಿಕದ ಒಂದು ಖಾಲಿ ಜಾಗದ ಕಥೆ ಇದೆ. ನಯಾಗರಾ ಫಾಲ್ಸ್ ಊರಲ್ಲಿ ಲವ್ ಕೆನಾಲ್ ಎಂಬ ಅರ್ಧಕ್ಕೇ ನಿಂತ ಕಾಲುವೆ ಇತ್ತು. ಹೂಕರ್ ಎಂಬ ರಾಸಾಯನಿಕ ಕಂಪನಿ 1942ರಿಂದ ಅದರಲ್ಲಿ 21,000 ಟನ್ನಿಗೂ ಹೆಚ್ಚು ತ್ಯಾಜ್ಯ ಹೂತು, ಮಣ್ಣು ಮುಚ್ಚಿ, 1953ರಲ್ಲಿ ಆ ಜಾಗವನ್ನು ಅಲ್ಲಿನ ಶಾಲಾ ಮಂಡಳಿಗೆ ಒಂದೇ ಒಂದು ಡಾಲರಿಗೆ ಮಾರಿತು. ಕೆಳಗೆ ರಾಸಾಯನಿಕ ಇದೆ, ಮುಂದೆ ಏನಾದರೂ ಆದರೆ ನಾವು ಹೊಣೆಯಲ್ಲ ಎಂದು ಕ್ರಯಪತ್ರದಲ್ಲೇ ಬರೆದಿತ್ತು. ಆದರೂ ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳು ಎದ್ದವು. 1978ರಲ್ಲಿ ನೆಲಮಾಳಿಗೆಗಳಲ್ಲಿ ವಿಷ ಒಸರಿ, ಅಧ್ಯಕ್ಷ ಕಾರ್ಟರ್ ತುರ್ತುಸ್ಥಿತಿ ಸಾರಿ ಜನರನ್ನು ಒಕ್ಕಲೆಬ್ಬಿಸಬೇಕಾಯಿತು. 1980ರಲ್ಲಿ ಕಾನೂನು ಬಂತು. ಆಮೇಲೆ ಅಲ್ಲಿ ದೊಡ್ಡ ಜಾಗ ಕೊಳ್ಳುವವರು, ಸಾಲ ಕೊಡುವ ಬ್ಯಾಂಕಿನವರು ಮೊದಲು ಜಾಗದ ಪೂರ್ವಾಪರ ತೆಗೆಸುವುದು ರೂಢಿಯಾಯಿತು.

ಆ ತಪಾಸಣೆಯ ಮೊದಲ ಹಂತದಲ್ಲಿ ಒಂದು ಹಿಡಿ ಮಣ್ಣನ್ನೂ ಅಗೆಯುವುದಿಲ್ಲ. ಹಳೆ ಕಾಗದ ನೋಡುವುದು, ಹಳೆ ಚಿತ್ರ ನೋಡುವುದು, ಜಾಗದ ಮೇಲೆ ನಡೆದು ನೋಡುವುದು, ಅಕ್ಕಪಕ್ಕದವರನ್ನು ಕೇಳುವುದು. ಇಷ್ಟೇ. ಹಳ್ಳಿಯಲ್ಲಿ ಹೆಣ್ಣು ನೋಡಲು ಹೋಗುವಾಗ ಇದಕ್ಕಿಂತ ಹೆಚ್ಚು ವಿಚಾರಿಸುತ್ತೇವೆ.

ನಾವು ಹೀಗೆ ಮಾಡಿದೆವು. ಹಳೆಯ ಪಹಣಿ ತೆಗೆಸಿದೆವು. ಬೆಳೆಯ ಕಾಲಂನಲ್ಲಿ ಒಂದು ವರ್ಷದವರೆಗೆ ಜೋಳ, ಅಲ್ಲಿಂದ ಮುಂದೆ ಪಡ. ರಸ್ತೆ ಪಕ್ಕದ ಎರೆಹೊಲ ಸುಮ್ಮನೆ ಪಡ ಬೀಳುವುದಿಲ್ಲ. ಫೋನಿನಲ್ಲಿ ಗೂಗಲ್ ಅರ್ಥ್ ತೆರೆದು ಹಿಂದಿನ ವರ್ಷಗಳ ಉಪಗ್ರಹ ಚಿತ್ರ ನೋಡಿದೆವು. ಒಂದು ವರ್ಷದ ಚಿತ್ರದಲ್ಲಿ ತಗಡಿನ ಶೆಡ್ಡು, ಅದರ ಹಿಂದೆ ಕಪ್ಪು ಕಲೆ. ಮತ್ತೊಂದು ವರ್ಷ ಶೆಡ್ಡಿಲ್ಲ, ಕಲೆ ಇದೆ. ಚಹಾದಂಗಡಿ ಅಜ್ಜನ ಜೊತೆಗೆ ಇನ್ನಿಬ್ಬರನ್ನು ಬೇರೆ ಬೇರೆ ಕೇಳಿದೆವು. ಮೂವರ ಮಾತೂ ಹೊಂದಿತು. ಖರ್ಚಾದದ್ದು ಪೆಟ್ರೋಲು ಮತ್ತು ಚಹಾ.

ಎರಡನೇ ಹಂತಕ್ಕೆ ಮಣ್ಣು ಬೇಕು. ಹುಲ್ಲಿಲ್ಲದ ಪಟ್ಟಿಯಲ್ಲಿ ಐದಾರು ಕಡೆ ಮೇಲಿನ ಅರ್ಧ ಫೂಟು ಮಣ್ಣು ತೆಗೆದು ಕಲಸಿ ಒಂದು ಚೀಲ ಮಾಡಿದೆವು. ಪ್ಲಾಟಿನ ಮುಂಭಾಗದ್ದು ಇನ್ನೊಂದು ಚೀಲ. ಮೂರನೆಯದು ದೂರದ ಒಂದು ಹೊಲದ್ದು, ಹೋಲಿಸಿ ನೋಡಲು. ಈ ಮೂರನೇ ಚೀಲ ಮರೆಯಬೇಡಿ. ಯಾಕೆಂದರೆ ಸೀಸ ಎಲ್ಲ ಮಣ್ಣಿನಲ್ಲೂ ಅಷ್ಟಿಷ್ಟು ಇದ್ದೇ ಇರುತ್ತದೆ. ಕೈಗೆ ಗ್ಲೌಸು, ಮೂಗಿಗೆ ಬಟ್ಟೆ, ಹೊಸ ಪ್ಲಾಸ್ಟಿಕ್ ಚೀಲ, ಪ್ರತಿ ಚೀಲದ ಮೇಲೆ ತಾರೀಖು. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ "ಸೀಸ ಮಾತ್ರ ನೋಡಿ" ಎಂದು ಬರೆದೆವು. ಏನು ಹುಡುಕಬೇಕೆಂದು ಗೊತ್ತಿದ್ದರೆ ಖರ್ಚು ಕಡಿಮೆ. ಅದು ಗೊತ್ತಾಗುವುದು ಮೊದಲ ಹಂತದಿಂದಲೇ. ಬ್ಯಾಟರಿ ಜಾಗದಲ್ಲಿ ಸೀಸ, ಬಂಕಿನ ಜಾಗದಲ್ಲಿ ಎಣ್ಣೆಯ ಅಂಶ, ಗೋದಾಮಿನ ಜಾಗದಲ್ಲಿ ಕೀಟನಾಶಕ.

ವರದಿ ಬಂತು. ಮುಂಭಾಗದ ಮಣ್ಣು ಹೊಲದ ಮಣ್ಣಿನ ಹಾಗೇ ಇತ್ತು. ಹಿಂದಿನ ಪಟ್ಟಿಯದು ಬೇರೆ. ಮನೆಗಳಿರುವ ಜಾಗದ ಮಣ್ಣಿನಲ್ಲಿ ಒಂದು ಕೆಜಿಗೆ 400 ಮಿಲಿಗ್ರಾಂ ಸೀಸ ದಾಟಿದರೆ ವಿಚಾರಿಸಬೇಕು ಎಂದು ಅಮೆರಿಕದ ಪರಿಸರ ಸಂಸ್ಥೆ ಬಹಳ ವರ್ಷ ಹೇಳುತ್ತಿತ್ತು, 2024ರ ಜನವರಿಯಲ್ಲಿ ಅದನ್ನು 200ಕ್ಕೆ ಇಳಿಸಿತು. ನಮ್ಮ ಪಟ್ಟಿಯ ಮಣ್ಣು ಆ ಹಳೆಯ 400ನ್ನೂ ದಾಟಿ ಮುಂದೆ ಹೋಗಿತ್ತು.

ಮನೆಯಲ್ಲಿ ಆ ರಾತ್ರಿ ಜಗಳ. ಮಾವ ಕಟ್ಟಡದ ಮನುಷ್ಯ, ಸರಳ ಲೆಕ್ಕ ಹೇಳಿದರು.

"ಎರಡು ಫೂಟ ಮಣ್ಣು ಎತ್ತಿಸಿ ಗರಸು ತುಂಬಿಸಿದ್ರ ಮುಗೀತು. ರೇಟು ಕಡಿಮಿ ಐತಿ, ಬಿಡಬಾರದು."

ಅಕ್ಕ ಕೇಳಿದಳು: "ಎತ್ತಿದ ಮಣ್ಣು ಎಲ್ಲಿ ಒಗಿತೀರಿ?"

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಟ್ರ್ಯಾಕ್ಟರಿನವನು ಅದನ್ನು ಹಳ್ಳಕ್ಕೆ ಸುರಿಯುತ್ತಾನೆ, ಇಲ್ಲ ತುಂಗಭದ್ರಾ ಕಾಲುವೆ ದಂಡೆಗೆ ಸುರಿಯುತ್ತಾನೆ, ಇಲ್ಲ ತಗ್ಗಿರುವ ಇನ್ನೊಬ್ಬರ ಪ್ಲಾಟಿಗೆ ಮಾರುತ್ತಾನೆ. ಊರಲ್ಲಿ ಮಣ್ಣು ಎತ್ತಿಸುವುದು ಅಂದರೆ ಹಾಗೇ. ವಿಷದ ಮಣ್ಣನ್ನು ಹಾಗೆ ಒಗೆಯುವಂತಿಲ್ಲ. ಅದನ್ನು ಅಪಾಯಕಾರಿ ತ್ಯಾಜ್ಯಕ್ಕೆಂದೇ ಕಟ್ಟಿದ ಜಾಗಕ್ಕೆ ಕಳಿಸಬೇಕು, ಇಲ್ಲವೇ ಅಲ್ಲೇ ಮೇಲೆ ಸರಿಯಾಗಿ ಮುಚ್ಚಿ ಧೂಳೇಳದಂತೆ ಕಟ್ಟಿಹಾಕಬೇಕು. ಎರಡೂ ಗಾರೆ ಕೆಲಸದವರ ಕೈಲಾಗುವ ಮಾತಲ್ಲ.

ಅಕ್ಕ ಪ್ಲಾಟು ಬೇಡ ಅಂದಳು. ಇಸಾರ ವಾಪಸು ಕೇಳಲು ನಾವು ಹೋಗಬೇಕಾಯಿತು.

ಆ ತಾಯಿ ವರದಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ನಾ ಏನ್ ತಪ್ಪು ಮಾಡೀನಿ ಯಪ್ಪಾ? ಗಂಡ ಸತ್ತ ಮ್ಯಾಲ ಜಾಗ ಬಾಡಿಗಿ ಕೊಟ್ಟೆ. ತಿಂಗಳ ತಿಂಗಳ ದುಡ್ಡು ಬಂತು, ಮಕ್ಕಳ ಹೊಟ್ಟಿ ತುಂಬ್ತು. ಅವ ಒಂದಿನ ಸಾಮಾನ ಹೇರಿಕೊಂಡು ಹ್ವಾದ. ವಿಷ ಇಲ್ಲೇ ಬಿಟ್ಟು ಹ್ವಾದ."

ಸ್ವಲ್ಪ ತಡೆದು ಇನ್ನೊಂದು ಮಾತು ಹೇಳಿದರು. "ನನ್ನ ಮಗಳು ಅಲ್ಲೇ ಆಡಿ ಬೆಳದಾಳ."

ಮದುವೆ ಗೊತ್ತಾಗಿದ್ದ ಮಗಳು. ಸೀಸ ಎಲುಬಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ, ಬಸಿರಾದಾಗ ರಕ್ತಕ್ಕೆ ಇಳಿದು ಹೊಟ್ಟೆಯ ಕೂಸಿಗೂ ಮುಟ್ಟಬಹುದು. ಇದನ್ನು ಹೇಳದೆ ಬರುವುದು ಸರಿಯಲ್ಲ ಅನಿಸಿತು. ಮೆತ್ತಗೆ ಹೇಳಿದೆವು: ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡುವ ಪರೀಕ್ಷೆ ಇದೆ, ವೈದ್ಯರನ್ನು ಕೇಳಿ, ಹೆದರಬೇಡಿ. ಅವರು ಕೈ ಮುಗಿದರು. "ಪೇಪರಿನಾಗ ಹಾಕಬ್ಯಾಡ ತಮ್ಮಾ. ಲಗ್ನ ಮುರಿತೈತಿ."

ಅದಕ್ಕೇ ಈ ಬರಹದಲ್ಲಿ ಓಣಿಯ ಹೆಸರಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ನೋಡಿದೆವು. 2025ರ ಜುಲೈ 24ರಂದು ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೆಂದೇ ಹೊಸ ನಿಯಮ ಹೊರಡಿಸಿದೆ. ಅದರ ಪ್ರಕಾರ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಅನುಮಾನದ ಜಾಗಗಳನ್ನು ಪಟ್ಟಿ ಮಾಡಬೇಕು. ಜನರೂ ದೂರು ಕೊಡಬಹುದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದಲ್ಲಿ ಮೊದಲ ತಪಾಸಣೆ ಮಾಡಬೇಕು, ಅನುಮಾನ ಗಟ್ಟಿಯಾದರೆ ಮತ್ತೆ ಮೂರು ತಿಂಗಳಲ್ಲಿ ವಿವರವಾದ ತಪಾಸಣೆ. ಹೊಲಸು ಮಾಡಿದವರೇ ಸ್ವಚ್ಛಗೊಳಿಸುವ ಖರ್ಚು ಕೊಡಬೇಕು. ಅವರು ಸಿಗದಿದ್ದರೆ ಸರ್ಕಾರಗಳು ಹಾಕಬೇಕು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ನಿಯಮ ಬಂದಾಗ ದೇಶದಲ್ಲಿ ಗುರುತಿಸಿದ್ದ ಕಲುಷಿತ ಜಾಗಗಳು 103, ಅದರಲ್ಲಿ ಸ್ವಚ್ಛತೆ ಶುರುವಾಗಿದ್ದದ್ದು 7 ಕಡೆ ಮಾತ್ರ.

ಇನ್ನೊಂದು ಮಾತು ನಮ್ಮ ಕಡೆಯವರು ತಿಳಿದಿರಬೇಕು. ಗಣಿಗಾರಿಕೆಯಿಂದ ಆದ ಮಾಲಿನ್ಯ ಈ ನಿಯಮದ ಒಳಗೆ ಬರುವುದಿಲ್ಲ, ಅದಕ್ಕೆ ಬೇರೆ ಕಾನೂನು ಎಂದು ಹೊರಗಿಟ್ಟಿದ್ದಾರೆ. ನಮ್ಮದು ಬಂಗಾರದ ನೆಲ. ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರಿರುವ ಶಾಸನ ಕಂಡದ್ದೇ ಬಂಗಾರದ ಗಣಿಯ ಎಂಜಿನಿಯರ್ ಬೀಡನ್. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇವತ್ತಿಗೂ ಗಣಿ ನಡೆಯುತ್ತಿದೆ. ಇಂಥ ನೆಲದಲ್ಲಿ ಬಂಗಾರದ ಅದಿರಿನ ಜೊತೆ ಅರ್ಸೆನಿಕ್ ಇರುವ ಕಲ್ಲೂ ಇರುತ್ತದೆ. ತಿಂಥಣಿ ಬ್ರಿಜ್ ದಾಟಿದರೆ ಸಿಗುವ ಸುರಪುರ ತಾಲ್ಲೂಕಿನಲ್ಲಿ, ಮುಚ್ಚಿಹೋದ ಮಂಗಳೂರು ಬಂಗಾರದ ಗಣಿಯ ಹತ್ತಿರದ ಕಿರದಳ್ಳಿ ತಾಂಡಾದಲ್ಲಿ ಜನರ ಅಂಗೈ, ಅಂಗಾಲಿಗೆ ಚರ್ಮರೋಗ ಬಂದು, ಕುಡಿಯುವ ನೀರಿನಲ್ಲೂ ಮಣ್ಣಿನಲ್ಲೂ ಅರ್ಸೆನಿಕ್ ಇರುವುದು ಗೊತ್ತಾಯಿತು. ಕುಡಿಯುವ ನೀರಿನಲ್ಲಿ ಅರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಾನದಂಡ. 2001ರಲ್ಲಿ ಮುಚ್ಚಿದ ಕೋಲಾರದ ಕೆಜಿಎಫ್‌ನಲ್ಲಿ ಸೈನೈಡ್ ದಿಬ್ಬಗಳು ಊರ ನಡುವೆ ಇನ್ನೂ ನಿಂತಿವೆ, ಗಾಳಿ ಬಂದರೆ ಧೂಳು ಮನೆಗಳಿಗೆ ಹೋಗುತ್ತದೆ. ಆದ್ದರಿಂದ ಯಾವುದೇ ಗಣಿಯ ಪಕ್ಕದ ಊರಲ್ಲಿ ಪ್ಲಾಟು ಎತ್ತರಿಸಲು ತುಂಬುವ ಪುಡಿ ಎಲ್ಲಿಂದ ಬಂತು ಎಂದೂ ಕೇಳಿ. ನಿಮ್ಮ ಜಾಗ ಸ್ವಚ್ಛ ಇದ್ದರೂ ಮೇಲೆ ಸುರಿದದ್ದು ಸ್ವಚ್ಛ ಇರಲಿಕ್ಕಿಲ್ಲ.

ಮದುವೆ ಆಯಿತು. ಅಕ್ಕನ ಇಸಾರ ಮೂರು ಕಂತಿನಲ್ಲಿ ವಾಪಸು ಬಂತು. ಕೊನೆಯ ಕಂತು ಕೊಡಲು ಆ ತಾಯಿ ತಾವೇ ನಮ್ಮ ಮನೆಗೆ ಬಂದರು. ಊಟ ಮಾಡಿದ ಮೇಲೆ ಕೇಳಿದರು: "ಅದೇನೋ ಅರ್ಜಿ ಕೊಡಬೇಕು ಅಂದಿದ್ದಿ. ಈಗ ಬರಿ." ಮುಚ್ಚಿಟ್ಟು ಬೇರೆಯವರಿಗೆ ಮಾರಬಹುದಿತ್ತು. ಏಜೆಂಟನೊಬ್ಬ ಗಿರಾಕಿಯನ್ನೂ ಕರೆತಂದಿದ್ದನಂತೆ. ಮೂರು ವರ್ಷದ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಿದ್ದರಂತೆ ಆ ಗಂಡ ಹೆಂಡತಿ. "ಕೂಸಿನ ಮುಖ ನೋಡಿದೆ, ಬಾಯಿ ಬರಲಿಲ್ಲ" ಅಂದರು.

ಅರ್ಜಿ ಬರೆದೆವು, ವರದಿಯ ನಕಲು ಹಚ್ಚಿದೆವು, ಅವರು ಹೆಬ್ಬೆಟ್ಟು ಒತ್ತಿದರು. ಕೊಟ್ಟು ಸ್ವೀಕೃತಿ ತಂದಿದ್ದೇವೆ. 90 ದಿನ ಎಣಿಸುತ್ತಿದ್ದೇವೆ. ಅಲ್ಲಿಯವರೆಗೆ ಹುಡುಗರು ಕ್ರಿಕೆಟ್ ಆಡಲು ಹೋಗದಂತೆ ಹಿಂದಿನ ಪಟ್ಟಿಗೆ ಜಾಲಿಮುಳ್ಳಿನ ಬೇಲಿ ಹಾಕಿ, ಧೂಳೇಳದಂತೆ ಹಳೆ ತಾಡಪತ್ರಿ ಹಾಸಿ ಕಲ್ಲು ಹೇರಿದ್ದೇವೆ. ಅಕ್ಕ ಇನ್ನೂ ತಗಡಿನ ಶೆಡ್ಡಲ್ಲೇ ಇದ್ದಾಳೆ. ಬೇರೆ ಪ್ಲಾಟು ಹುಡುಕುತ್ತಿದ್ದೇವೆ.

ಓದುವ ನಿಮ್ಮಲ್ಲಿ ಪ್ಲಾಟು ಕೊಳ್ಳುವವರಿಗಿಂತ, ಊರಂಚಿನಲ್ಲಿ ಒಂದೆರಡು ಗುಂಟೆ ಇರುವವರೇ ಹೆಚ್ಚು. ನಾಳೆ ಯಾರೋ ಬಂದು ಒಳ್ಳೆ ಬಾಡಿಗೆ ಕೊಡುತ್ತೇವೆ ಅನ್ನುತ್ತಾರೆ. ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಕರಾರುಪತ್ರದಲ್ಲಿ ಎರಡು ಸಾಲು ಹೆಚ್ಚು ಬರೆಸಿ: ಇಲ್ಲಿ ಇಂಥ ಕೆಲಸ ಬಿಟ್ಟು ಬೇರೆ ಮಾಡುವಂತಿಲ್ಲ, ಬಿಟ್ಟು ಹೋಗುವಾಗ ಮಣ್ಣು ತೋರಿಸಿ ಹೋಗಬೇಕು. ಬಾಡಿಗೆಯವರ ಆಧಾರ್ ನಕಲು, ಊರಿನ ವಿಳಾಸ ಇಟ್ಟುಕೊಳ್ಳಿ. ಶೆಡ್ಡು ಹಾಕುವ ಮುಂಚೆ ಫೋನಿನಲ್ಲಿ ಜಾಗದ ನಾಲ್ಕು ಫೋಟೋ ತೆಗೆದಿಡಿ. ಮುಂದೊಂದು ದಿನ ಇದನ್ನು ಹೊಲಸು ಮಾಡಿದವರು ಯಾರು ಎಂದು ಸರ್ಕಾರ ಕೇಳಿದರೆ ತೋರಿಸಲು ನಿಮ್ಮ ಹತ್ತಿರ ಒಂದು ಹೆಸರಾದರೂ ಇರಬೇಕು. ಆ ತಾಯಿಯ ಹತ್ತಿರ ಇರಲಿಲ್ಲ.